ಹಿತದ ಪದರ

ಭಾನುವಾರ ಬೆಳಗ್ಗೆ ಮಂದಾಕಿನಿ ನೀರಲಗಿ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದಾಗ ಯಾರೋ ಬಾಗಿಲು ಬಡಿದರು. ತೆರೆದು ನೋಡಿದರೆ ಗುರುತಿಲ್ಲದ ಹೆಂಗಸು. ಮದುವೆಮನೆಯಿಂದ ನೇರವಾಗಿ ಬಂದಂತೆ ರೇಷ್ಮೆ ಸೀರೆ, ತಲೆತುಂಬ ಹೂವು, ಸೊಂಟದ ಮೇಲೆ ನಾಲ್ಕು ವರ್ಷದ ಹೆಣ್ಣುಮಗು.

“ಮಂದಾಕಿನಿ ಮೇಡಂ ಅಲ್ವಾ? ಫೋಟೋದಲ್ಲಿ ಇರೋ ಹಂಗೇ ಇದ್ದೀರ!” ಎಂದಳು ಆಕೆ. “ನಾನು ಭಾಗ್ಯಲತಾ ಅಂತ, ತಿಪಟೂರಿನವಳು. ನಮ್ಮನೆಯವರ ಕಡೆ ಮದುವೆ ಇತ್ತು ಇಲ್ಲಿ. ಮದುವೆಮನೇಲಿ ನಿಮ್ಮ ಸ್ಟೂಡೆಂಟ್ ಒಬ್ರು ಸಿಕ್ಕಿದ್ರು, ಅವ್ರೇ ಮನೆ ತೋರಿಸಿದ್ದು. ನಿಮ್ಮ ಬ್ಲಾಗು ಓದ್ದೆ ನಾನು ಮನೆಗೆ ಒಂದು ಸೋಪೂ ತರಲ್ಲ ಕಣ್ರೀ.”

ಹುಬ್ಬಳ್ಳಿಯ ವಿದ್ಯಾನಗರದ ಆ ಮನೆಗೆ ಹೀಗೆ ಓದುಗರು ಬರುವುದು ಅಪರೂಪವೇನಲ್ಲ. ಮಂದಾಕಿನಿ ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ‘ಮನಿಯಾಗಿನ ರಸಾಯನ’ ಎಂಬ ಅವಳ ಬ್ಲಾಗನ್ನು ನಾಡಿನ ಮೂಲೆಮೂಲೆಯ ಹೆಂಗಸರು ಓದುತ್ತಿದ್ದರು. ನೆಲ ಒರೆಸುವ ದ್ರವದಲ್ಲಿ ಏನಿದೆ, ಬೆಳ್ಳಗಾಗಿಸುವ ಕ್ರೀಮಿನಲ್ಲಿ ಏನಿದೆ, ಯಾವುದು ಮಕ್ಕಳ ಕೈಗೆ ಸಿಗಬಾರದು ಎಂದು ತನ್ನ ಮನೆಯ ಮಾತಿನಲ್ಲೇ ಬರೆಯುತ್ತಿದ್ದಳು. ಮೊದಮೊದಲು ಕಂಪನಿಗಳ ಪ್ರಚಾರದವರು ಅವಳ ಬೆನ್ನು ಬಿಡುತ್ತಿರಲಿಲ್ಲ. ಉಡುಗೊರೆಯ ಪೆಟ್ಟಿಗೆಗಳು ಬರುತ್ತಿದ್ದವು, ದೊಡ್ಡ ಹೋಟೆಲುಗಳಿಗೆ ಆಮಂತ್ರಣ ಬರುತ್ತಿತ್ತು. ಅವಳು ಎಲ್ಲವನ್ನೂ ಹಿಂದಕ್ಕೆ ಕಳಿಸಿದಳು. ಒಂದು ದಿನ ಅವರು ಬರುವುದನ್ನೇ ನಿಲ್ಲಿಸಿದರು. ಸೋತು ಸುಮ್ಮನಾದರು ಎಂದುಕೊಂಡಿದ್ದಳು.

ಭಾಗ್ಯಲತಾ ಸೋಫಾದ ಮೇಲೆ ಕುಳಿತು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. “ಎಲ್ಲಕ್ಕಿಂತ ಹೆಚ್ಚಾಗಿ ಆ ನಿದ್ರಾಮಿತ್ರಕ್ಕೆ ಥ್ಯಾಂಕ್ಸ್ ಹೇಳ್ಬೇಕು ನಿಮಗೆ. ಸೊಳ್ಳೆ ಕಾಟ ಅಂದ್ರೆ ಕಾಟ ನಮ್ಮೂರಲ್ಲಿ. ನೀವು ಬರೆದ ಮೇಲೆ ಮೂರೂ ರೂಮಿಗೆ ಹಾಕ್ಸಿದೀನಿ.”

ಮಂದಾಕಿನಿಯ ಕೈಯಲ್ಲಿದ್ದ ನೀರಿನ ಲೋಟ ಅಲ್ಲೇ ನಿಂತಿತು. “ಏನ್ ಹಾಕ್ಸೀರಿ?”

“ಅದೇ, ಪ್ಲಗ್ಗಿಗೆ ಸಿಕ್ಸೋ ಮಷಿನ್ನು. ಮಲ್ಲಿಗೆ ವಾಸನೆ ಬರುತ್ತಲ್ಲ, ಅದು. ನೀವು ಹೇಳ್ದಂಗೇ ಕಿಟಕಿ ಬಾಗಿಲು ಪೂರ್ತಿ ಮುಚ್ಚಿಯೇ ಹಾಕೋದು.”

“ನಾ ಹಂಗ ಬರದೇ ಇಲ್ಲಲ್ರಿ,” ಎಂದಳು ಮಂದಾಕಿನಿ. “ಹಾಕಬ್ಯಾಡ್ರಿ ಅಂತ ಬರದೀನಿ. ನಮ್ಮ ತಂಗಿ ಮಗಗ ಅದರಿಂದನ ದಮ್ಮು ಹತ್ತಿತ್ತು.”

ಭಾಗ್ಯಲತಾ ನಕ್ಕಳು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡಳೋ ಏನೋ. ಫೋನು ತೆಗೆದು ತೋರಿಸಿದಳು. ಮೇಲೆ ಮಂದಾಕಿನಿಯ ಹೆಸರು, ಅವಳದೇ ಫೋಟೋ. ತಂಗಿಯ ಮಗ ಸಮರ್ಥನ ಹೆಸರೂ ಇತ್ತು. ಅದರ ಕೆಳಗೆ ಹೀಗಿತ್ತು: ‘ಇದನ್ನ ಹಾಕಿದ ಮೇಲೆ ನಮ್ಮ ಸಮರ್ಥ ಒಳ್ಳೆ ನಿದ್ದೆ ಮಾಡ್ತಿದಾನೆ. ರೂಮು ಚೆನ್ನಾಗಿ ಮುಚ್ಚಿ ಹಾಕಿ. ಚಿಕ್ಕ ಮಕ್ಕಳಿರೋ ಮನೇಲಂತೂ ಬೇಕೇ ಬೇಕು.’

ಮಂದಾಕಿನಿ ತನ್ನ ಫೋನು ತಂದು ಅದರ ಪಕ್ಕದಲ್ಲಿಟ್ಟಳು. ಅದೇ ಬರಹ, ಅದೇ ದಿನಾಂಕ. ‘ಇದನ್ನ ಹಚ್ಚಿದ ಮ್ಯಾಲೆ ನಮ್ಮ ಸಮರ್ಥಗ ಉಸರಾಡಾಕ ಬರವಲ್ಲದಾಗಿತ್ತು. ಖೋಲಿ ಮುಚ್ಚಿ ಹಚ್ಚಬ್ಯಾಡ್ರಿ. ಸಣ್ಣ ಕೂಸು ಇದ್ದ ಮನ್ಯಾಗಂತೂ ಬ್ಯಾಡೇ ಬ್ಯಾಡ.’

ಇಬ್ಬರೂ ಎರಡು ಪರದೆಗಳನ್ನು ಮತ್ತೆ ಮತ್ತೆ ಓದಿದರು. ಭಾಗ್ಯಲತಾಳ ಮುಖದ ಬಣ್ಣ ಇಳಿಯುತ್ತ ಬಂತು.

“ಇವಳಿಗೆ ಕೆಮ್ಮು ಶುರುವಾದಾಗ ನಿಮ್ಮನ್ನೇ ಕೇಳಿದ್ದೆ ಮೇಡಂ,” ಎಂದಳು ಮೆಲ್ಲಗೆ. “ಕೆಳಗೆ ಕಾಮೆಂಟಲ್ಲಿ. ನೀವು ‘ತುಂಬಾ ಸಂತೋಷ’ ಅಂತ ಬರೆದ್ರಿ. ಗಡಿಬಿಡೀಲಿ ಏನೋ ಬರೆದಿರ್ತಾರೆ ಪಾಪ ಅಂದ್ಕೊಂಡೆ.”

ಮಗು ಆಗಲೇ ಎರಡು ಸಲ ಕೆಮ್ಮಿತ್ತು. ಮಂದಾಕಿನಿ ಬಗ್ಗಿ ಅದರ ಬೆನ್ನಿಗೆ ಕಿವಿಯಿಟ್ಟಳು. ಒಳಗೆ ಸಣ್ಣದಾಗಿ ಸಿಳ್ಳು ಹೊಡೆದಂಥ ಸದ್ದು. ಒಲೆ ಆರಿಸಿ, ಚಪ್ಪಲಿ ಮೆಟ್ಟಿ, ಅವರಿಬ್ಬರನ್ನೂ ಕರೆದುಕೊಂಡು ನೇರ ಮಕ್ಕಳ ಡಾಕ್ಟರ ಮನೆಗೆ ಹೋದಳು.

ಹೆಚ್ಚೇನೂ ಆಗಿಲ್ಲ, ಆ ಮಷಿನ್ನನ್ನು ಇವತ್ತೇ ಕಿತ್ತುಹಾಕಿ ಎಂದರು ಡಾಕ್ಟರು. ಭಾಗ್ಯಲತಾ ಅಲ್ಲಿಂದಲೇ ಗಂಡನಿಗೆ ಫೋನು ಮಾಡಿದಳು. ಹೋಗುವಾಗ ಮಂದಾಕಿನಿಯ ಕಡೆ ನೋಡಿದ ನೋಟದಲ್ಲಿ ಸಿಟ್ಟೂ ಇರಲಿಲ್ಲ, ಬಂದಾಗಿನ ಪ್ರೀತಿಯೂ ಇರಲಿಲ್ಲ. ಯಾರನ್ನು ನೋಡಲು ಬಂದಿದ್ದೆನೋ ಅವರು ಇವರೇ ಹೌದೇ ಎಂದು ತಿಳಿಯದವಳ ಹಾಗೆ ನೋಡಿದಳು.

•

ಆ ಹೊತ್ತಿಗೆ ನಾಡಿನ ಬ್ಲಾಗುಗಳೆಲ್ಲ ‘ಊರಂಗಳ’ ಎಂಬ ಒಂದೇ ತಾಣದಲ್ಲಿ ಸೇರಿದ್ದವು. ಅದಕ್ಕೆ ಕಾರಣ ‘ನುಡಿಹೊಂದಿಕೆ’ ಎಂಬ ಯಂತ್ರ. ಬರೆಯುವವರು ತಮ್ಮ ಊರಿನ ಕನ್ನಡದಲ್ಲಿ ಬರೆದರೆ, ಓದುವವರಿಗೆ ಅದು ಅವರ ಊರಿನ ಕನ್ನಡದಲ್ಲಿ ಕಾಣುತ್ತಿತ್ತು. ಹುಬ್ಬಳ್ಳಿಯವಳು ‘ಭಾಳ ಚೊಲೊ ಅದ’ ಎಂದು ಬರೆದದ್ದು ಪುತ್ತೂರಿನವಳಿಗೆ ‘ಭಾರಿ ಲಾಯ್ಕ ಉಂಟು’ ಎಂದೂ, ಮಂಡ್ಯದವಳಿಗೆ ‘ಸಕತ್ತಾಗೈತೆ’ ಎಂದೂ ಕಾಣುತ್ತಿತ್ತು. ಅಷ್ಟು ದಿನ ಪಕ್ಕದ ಜಿಲ್ಲೆಯವರ ಮಾತಿಗೆ ಮುಖ ಕಿವಿಚುತ್ತಿದ್ದವರೆಲ್ಲ ಈಗ ಒಬ್ಬರ ಬರಹ ಒಬ್ಬರು ಓದತೊಡಗಿದ್ದರು.

ಆ ಯಂತ್ರವನ್ನು ಕಟ್ಟಿದವಳು ಬಂಟ್ವಾಳದ ವಿಲ್ಮಾ ಸಲ್ಡಾನ. ಭಾಷಾವಿಜ್ಞಾನ ಓದಿ, ಬೀದರಿನಿಂದ ಕೊಳ್ಳೇಗಾಲದವರೆಗೆ ಬಸ್ಸಿನಲ್ಲೂ ಸಂತೆಯಲ್ಲೂ ಜನರ ಮಾತನ್ನು ದಾಖಲಿಸುತ್ತ ತಿರುಗಿದವಳು. ಪತ್ರಿಕೆಗಳಲ್ಲಿ ಅವಳ ಸಂದರ್ಶನ ಬಂದಿತ್ತು. ಊರಂಗಳದ ಸಹಾಯವಾಣಿ ‘ನಿಮ್ಮ ಬರಹ ಸರಿಯಾಗಿಯೇ ಕಾಣುತ್ತಿದೆ’ ಎಂದು ಕೈತೊಳೆದುಕೊಂಡಾಗ, ಮಂದಾಕಿನಿ ಎರಡು ಫೋನುಗಳನ್ನು ಅಕ್ಕಪಕ್ಕ ಇಟ್ಟು ತೆಗೆದಿದ್ದ ಚಿತ್ರವನ್ನು ಅವಳಿಗೇ ಕಳಿಸಿದಳು.

ಮೈಸೂರಿನ ಕಚೇರಿಯಲ್ಲಿ ಕುಳಿತು ಆ ಚಿತ್ರ ನೋಡಿದ ವಿಲ್ಮಾ ಮೊದಲು ತನ್ನನ್ನೇ ಬೈದುಕೊಂಡಳು. ಯಂತ್ರಕ್ಕೆ ಎಲ್ಲಕ್ಕಿಂತ ಕಷ್ಟವಾಗುವುದು ‘ಇಲ್ಲ’, ‘ಬೇಡ’ಗಳೇ. ‘ಬ್ಯಾಡೇ ಬ್ಯಾಡ’ವನ್ನು ಯಂತ್ರ ತಪ್ಪಾಗಿ ಓದಿರಬೇಕು ಎಂದುಕೊಂಡಳು. ಹುಬ್ಬಳ್ಳಿಯ ಬರಹವನ್ನು ಯಂತ್ರಕ್ಕೆ ಕೊಟ್ಟು ತಿಪಟೂರಿನ ಕನ್ನಡ ಕೇಳಿದಳು. ‘ಬೇಡವೇ ಬೇಡ’ ಎಂದು ಸರಿಯಾಗಿಯೇ ಬಂತು. ಎಷ್ಟು ಸಲ ಕೊಟ್ಟರೂ ಸರಿಯಾಗಿಯೇ ಬಂತು.

ಹಾಗಾದರೆ ತಪ್ಪು ಆದದ್ದು ಯಂತ್ರ ದಾಟಿದ ಮೇಲೆ. ತನ್ನ ಯಂತ್ರದಿಂದ ಹೊರಟ ಮಾತು ಓದುಗರ ಫೋನಿಗೆ ಹೋಗುವ ದಾರಿಯನ್ನು ಹುಡುಕುತ್ತ ಹೋದಳು. ನಡುವೆ ಅವಳಿಗೆ ಗೊತ್ತಿಲ್ಲದ ಒಂದು ನಿಲ್ದಾಣವಿತ್ತು. ಅದರ ಹೆಸರು ‘ಹಿತಪದರ’. ಅದನ್ನು ನಡೆಸುತ್ತಿದ್ದವರು ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿದ್ದರು. ಜಾಹೀರಾತು ವಿಭಾಗ ಎಂದು ವಿಲ್ಮಾ ಅಂದುಕೊಂಡಿದ್ದ ಆ ಮಹಡಿಯನ್ನು ‘ತಿಳಿಗೊಳ ಕಮ್ಯುನಿಕೇಷನ್ಸ್’ ಎಂಬ ಸಾರ್ವಜನಿಕ ಸಂಪರ್ಕ ಸಂಸ್ಥೆ ಬಾಡಿಗೆಗೆ ಹಿಡಿದಿತ್ತು.

ಮೆಟ್ಟಿಲು ಹತ್ತಿ ಹೋದಳು. ಯಾರೂ ತಡೆಯಲಿಲ್ಲ. ತಣ್ಣಗಿನ ದೊಡ್ಡ ಕೋಣೆ. ಗೋಡೆಯಗಲದ ಪರದೆಯ ಮೇಲೆ ಕರ್ನಾಟಕದ ನಕಾಶೆ. ಊರೂರಿನ ಮೇಲೆ ಹಸಿರು ಚುಕ್ಕೆಗಳು, ಅಲ್ಲಲ್ಲಿ ಒಂದೊಂದು ಕೆಂಪು ಚುಕ್ಕೆ. ಕೆಂಪು ಚುಕ್ಕೆ ಕಂಡಲ್ಲಿ ಮೇಜಿನ ಮುಂದೆ ಕುಳಿತವರು ಏನನ್ನೋ ಒತ್ತುತ್ತಿದ್ದರು, ಅದು ಹಸಿರಾಗುತ್ತಿತ್ತು.

ಮುಖ್ಯಸ್ಥನ ಹೆಸರು ತನ್ಮಯ ಬೆಳ್ಳಾವಿ. ಎದ್ದುನಿಂತು ಕೈಮುಗಿದ. “ವಿಲ್ಮಾ ಮೇಡಂ! ನಿಮ್ಮ ಯಂತ್ರ ಇಲ್ದೆ ನಾವ್ಯಾರೂ ಇಲ್ಲಿ ಇರ್ತಿರ್ಲಿಲ್ಲ. ಕೂತ್ಕೊಳ್ಳಿ, ಕಾಫಿ ತರಿಸ್ತೀನಿ.”

ವಿಲ್ಮಾ ಕೂರಲಿಲ್ಲ. “ಇದು ಎಂತ ಮಾಡುವುದು ನೀವು?”

ಅವನು ಮುಚ್ಚಿಡಲಿಲ್ಲ. ಮುಚ್ಚಿಡಬೇಕಾದದ್ದು ಇದೆ ಎಂದೇ ಅವನಿಗೆ ಅನ್ನಿಸಿದಂತಿರಲಿಲ್ಲ. “ಮೊದಲೆಲ್ಲ ಕಂಪನಿಗಳ ಪರವಾಗಿ ಬ್ಲಾಗರುಗಳ ಹಿಂದೆ ಬೀಳ್ತಿದ್ವಿ ಮೇಡಂ. ಊಟಕ್ಕೆ ಕರೀತಿದ್ವಿ, ಸ್ಯಾಂಪಲ್ ಕಳಿಸ್ತಿದ್ವಿ. ತಿಂದು ಹೋಗಿ ತಮಗೆ ತೋಚಿದ್ದೇ ಬರೀತಿದ್ರು. ಆಮೇಲೆ ನಮ್ಮ ಜನರಿಂದ ಸುಳ್ಳು ಹೆಸರಲ್ಲಿ ಕಾಮೆಂಟ್ ಹಾಕಿಸಿದ್ವಿ, ಓದುಗರು ಹಿಡಿದುಬಿಟ್ರು. ಎಷ್ಟು ಬೈಗುಳ, ಎಷ್ಟು ಕೇಸು! ಈಗ ನೋಡಿ, ಬರೆಯೋರನ್ನ ನಾವು ಮುಟ್ಟೋದೇ ಇಲ್ಲ. ಅವ್ರು ಏನು ಬೇಕಾದ್ರೂ ಬರೀಬಹುದು. ಒಂದಕ್ಷರ ಅಳಿಸಲ್ಲ. ಓದೋರಿಗೆ ಮಾತ್ರ ಸ್ವಲ್ಪ ಹಿತವಾಗಿ ತಲುಪಿಸ್ತೀವಿ.”

“ಹಿತವಾ? ಬೇಡ ಅಂತ ಬರೆದದ್ದನ್ನ ಬೇಕು ಅಂತ ಮಾಡಿದ್ದೀರಿ!”

“ಕೆಲವು ಕಡೆ ಸ್ವಲ್ಪ ಜಾಸ್ತಿ ಆಗಿರಬಹುದು.”

“ಯಾರಿಗೂ ಗೊತ್ತಾಗ್ಲಿಲ್ವಾ ಇಷ್ಟು ದಿನ?”

“ಹೇಗೆ ಗೊತ್ತಾಗುತ್ತೆ? ಬರೆದೋರ ಸುತ್ತಮುತ್ತ, ಅದೇ ಮಾತಿನ ಊರುಗಳಲ್ಲಿ ಇರೋರಿಗೆ ಮೂಲವೇ ಹೋಗುತ್ತೆ. ಉಳಿದೋರಿಗೆ ಹೇಗೂ ಬೇರೆ ಕನ್ನಡದಲ್ಲಿ ಕಾಣುತ್ತಲ್ಲ? ಪದ ಬೇರೆ ಇದ್ರೆ ನಿಮ್ಮ ಯಂತ್ರ ಬದಲಾಯಿಸಿದೆ ಅಂತ ಎಲ್ರೂ ಅಂದ್ಕೋತಾರೆ. ಯಾರೂ ಹೋಲಿಸಿ ನೋಡಲ್ಲ.” ಹೆಮ್ಮೆಯಿಂದಲೇ ಹೇಳಿದ. “ವಾಪಸ್ ಬರೋ ದಾರೀಲೂ ಅಷ್ಟೆ. ಓದುಗರ ಗೋಳು ಬರೆಯೋರಿಗೆ ಮುಟ್ಟಿದ್ರೆ ಅವ್ರು ಸುಮ್ನೆ ಇರ್ತಾರಾ? ಅದಕ್ಕೆ ಅದನ್ನೂ ಹಿತ ಮಾಡ್ತೀವಿ.”

ವಿಲ್ಮಾ ಪಕ್ಕದ ಮೇಜಿನತ್ತ ಬಗ್ಗಿದಳು. ಅಲ್ಲಿದ್ದ ಪರದೆಯ ಎಡಭಾಗದಲ್ಲಿ ಸಿಂಧನೂರಿನಿಂದ ಮಂದಾಕಿನಿಗೆ ಬಂದಿದ್ದ ಒಂದು ಕಾಮೆಂಟಿತ್ತು: ‘ಅಕ್ಕಾರೆ ನೀವು ಹೇಳಿದಂಗ ಮಷಿನ್ ಹಚ್ಚಿದ್ವಿ. ಮಗ ಮೌನೇಶಗ ದಮ್ಮು ಬಂದು ರಾಯಚೂರು ದವಾಖಾನ್ಯಾಗ ಮಲಗಿಸ್ಯಾರ. ಮೂಗಿಗೆ ನಳಿಗಿ ಹಾಕ್ಯಾರ. ಏನ್ ಮಾಡ್ಲಿ ಹೇಳ್ರಿ.’ ಬಲಭಾಗದಲ್ಲಿ ಮಂದಾಕಿನಿಗೆ ಕಂಡದ್ದು: ‘ಅಕ್ಕಾರ ನೀವು ಹೇಳಿದಂಗ ಮಷಿನ್ ಕಿತ್ತ ಒಗದ್ವಿ. ಮಗ ಮೌನೇಶ ಈಗ ಅಗ್ದಿ ಆರಾಮ ಅದಾನ. ಓಣಿ ತುಂಬ ಓಡ್ಯಾಡ್ತಾನ.’ ಕೆಳಗೆ ಮಂದಾಕಿನಿಯ ಉತ್ತರ ಎರಡೂ ಕಡೆ ಒಂದೇ ರೀತಿ ಇತ್ತು: ‘ಓದಿ ಭಾಳ ಖುಷಿ ಆತವಾ. ಯಾವಾಗ್ಲೂ ಹಿಂಗ ಇರ್ಲಿ.’

“ಇದು ಯಾಕೆ ಬದಲಾಗ್ಲಿಲ್ಲ?” ಎಂದು ವಿಲ್ಮಾ ಬೆರಳಿಟ್ಟು ತೋರಿಸಿದಳು.

ತನ್ಮಯ ಇಣುಕಿ ನೋಡಿದ. “ಅದು ಆಗ್ಲೇ ಹಿತವಾಗಿದೆಯಲ್ಲ ಮೇಡಂ. ಸಿಹಿ ಮಾತನ್ನ ನಾವು ಮುಟ್ಟಲ್ಲ.”

•

ಕಾಲೇಜಿನ ಸ್ಟಾಫ್ ರೂಮಿನಲ್ಲಿ ಮಂದಾಕಿನಿ ಆ ಫೋನು ಎತ್ತಿದಳು.

“ನಾನು ವಿಲ್ಮಾ ಮಾತಾಡುವುದು, ಮೈಸೂರಿಂದ. ನಿಮಗೆ ಎಂತ ಹೇಳುವುದು ಅಂತ ಗೊತ್ತಾಗುವುದಿಲ್ಲ ನನಗೆ. ನೀವು ಸ್ವಲ್ಪ ಕೂತ್ಕೊಂಡು ಕೇಳಿ.”

ಕುಳಿತು ಕೇಳಿದಳು. ತನ್ನ ಬರಹ ಬದಲಾದದ್ದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ತನಗೆ ಬಂದ ಮಾತೂ ಬದಲಾಗಿದೆ ಎಂಬುದು. ವಿಲ್ಮಾ ಸಿಂಧನೂರಿನ ಕಾಮೆಂಟನ್ನು ಓದಿದಾಗ ಮಂದಾಕಿನಿ ಪಕ್ಕದವರಿಗೂ ಕೇಳುವಂತೆ “ಅಯ್ಯ ಶಿವನೇ!” ಎಂದಳು.

ಕಾಮೆಂಟು ಬಂದಾಗಲೆಲ್ಲ ಅವಳು ಅದನ್ನು ಗಂಡ ಈರಣ್ಣನಿಗೆ ಓದಿ ಹೇಳುತ್ತಿದ್ದಳು. ಮಷಿನ್ ಎಸೆದೆವು, ಮಗು ಚೆನ್ನಾಗಿದೆ, ನಿಮ್ಮಿಂದ ಉಪಕಾರವಾಯಿತು ಎಂಬ ಮಾತುಗಳು. ಒಂದನ್ನೂ ಬಿಡದೆ ಎಲ್ಲದಕ್ಕೂ ಉತ್ತರ ಬರೆದಿದ್ದಳು. ಖುಷಿ ಆತು, ಸಂತೋಷ, ಹಿಂಗ ಇರ್ಲಿ. ಅತ್ತ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡುತ್ತಿದ್ದರು.

“ನಾ ಅವರ ಜೋಡಿ ಇಷ್ಟು ವರ್ಷ ಏನ್ ಮಾತಾಡಿದ್ನಿ ಹಂಗಾರ?” ಎಂದು ಕೇಳಿದಳು. “ಒಂದು ಮಾತರ ಮುಟ್ಟೇತೇನ್ರಿ?”

“ಸಿಹಿ ಮಾತು ಮಾತ್ರ,” ಎಂದಳು ವಿಲ್ಮಾ.

“ನಿಂದ್ರಸ್ರಿ ಅದನ್ನ. ಈಗಿಂದೀಗ ನಿಂದ್ರಸ್ರಿ.”

“ಹಿತಪದರ ನಿಲ್ಲಿಸ್ಲಿಕ್ಕೆ ನನ್ನ ಕೈಯಲ್ಲಿ ಆಗುವುದಿಲ್ಲ. ದೊಡ್ಡವರ ಹತ್ತಿರ ಹೋಗಿ ಕೇಳಿದೆ. ‘ಅದು ಒಪ್ಪಂದ, ನಿನಗೆ ಸಂಬಂಧ ಇಲ್ಲ’ ಅಂದ್ರು. ಆದ್ರೆ ಅದು ನಿಂತದ್ದು ನನ್ನ ಯಂತ್ರದ ಮೇಲೆ. ನುಡಿಹೊಂದಿಕೆ ನಿಲ್ಲಿಸಿದ್ರೆ ಎಲ್ಲ ನಿಲ್ತದೆ. ಬರೆದದ್ದು ಬರೆದ ಹಾಗೆ ಕಾಣ್ತದೆ.”

“ಮತ್ತ್ಯಾಕ ತಡಾ?”

“ತಡ ಎಂತದ್ದೂ ಇಲ್ಲ. ನಾಳೆ ಮಧ್ಯಾಹ್ನ ನೀವು ಫೋನಿನ ಮುಂದೆ ಕೂತಿರಿ. ಅವರು ಬೇಗ ಸರಿ ಮಾಡಿಬಿಡ್ತಾರೆ. ಸಿಕ್ಕಿದಷ್ಟು ಹೊತ್ತಿನಲ್ಲಿ ಎಷ್ಟು ಜನಕ್ಕೆ ಹೇಳ್ಲಿಕ್ಕಾಗ್ತದೆ, ಹೇಳಿ.”

•

ಮರುದಿನ ಮಂದಾಕಿನಿ ರಜೆ ಹಾಕಿದಳು. ಈರಣ್ಣನೂ ಅಂಗಡಿಗೆ ಹೋಗಲಿಲ್ಲ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು ಇಬ್ಬರೂ ಕುಳಿತರು. ಅನ್ನ ಹಾಗೇ ಆರಿತು.

ಪರದೆ ಒಮ್ಮೆ ಮಿಣುಕಿತು. ಕಾಮೆಂಟುಗಳ ಸಾಲು ಕಣ್ಣೆದುರೇ ಬದಲಾಗತೊಡಗಿತು. ಹುಬ್ಬಳ್ಳಿಯ ಕನ್ನಡ ಹೋಗಿ ಅಂಕೋಲೆ, ಕೋಲಾರ, ಯಾದಗಿರಿ, ಮಡಿಕೇರಿಯ ಕನ್ನಡಗಳು ಬಂದವು. ‘ಮಗುವಿಗೆ ಉಸ್ರು ಸಿಕ್ತಾ ಇಲ್ಲ ಮೇಡಂ, ಕಿಟಕಿ ತೆಗೀಲಾ ಬೇಡ್ವಾ?’ ‘ಎಂತಕ್ಕೆ ನೀವು ಹೀಗೆ ಉತ್ತರ ಕೊಡುವುದು? ನನ್ನ ಮಗಳ ಗತಿ ಕೇಳಿ ಸಂತೋಷವಾ ನಿಮಗೆ?’ ‘ದುಡ್ಡು ತಿಂದು ಬರೀತಿದೀಯ, ನಿನ್ನ ಮಕ್ಕಳಿಗೂ ಇದೇ ಆಗ್ಲಿ.’ ಈರಣ್ಣ ಓದಲಾರದೆ ಮುಖ ತಿರುಗಿಸಿದ. ಮಂದಾಕಿನಿ ತಿರುಗಿಸಲಿಲ್ಲ.

ಮೇಲೆ ಒಂದು ಹೊಸ ಬರಹ ಹಾಕಿದಳು. ‘ನಿದ್ರಾಮಿತ್ರ ಈಗಿಂದೀಗ ಕಿತ್ತ ಒಗೀರಿ. ನೀವು ಇಷ್ಟು ದಿನ ಓದಿದ್ದು ನಾ ಬರದದ್ದಲ್ಲ. ಈಗ ಕಾಣಾಕತ್ತದ್ದು ನಾ ಬರದದ್ದು.’ ಆಮೇಲೆ ಒಬ್ಬೊಬ್ಬರಿಗೆ ಉತ್ತರ ಬರೆಯುತ್ತ ಹೋದಳು. ಬೆರಳು ತಪ್ಪುತ್ತಿದ್ದವು. ಈರಣ್ಣ ಪಕ್ಕದಲ್ಲಿ ಕುಳಿತು, ಕಾಮೆಂಟುಗಳಲ್ಲಿ ಯಾರಾದರೂ ಫೋನ್ ನಂಬರು ಬರೆದಿದ್ದರೆ ಅದನ್ನು ತನ್ನ ಮೊಬೈಲಿಗೆ ಹಾಕಿಕೊಳ್ಳುತ್ತಿದ್ದ.

ಅದೇ ಹೊತ್ತಿನಲ್ಲಿ ನಾಡಿನ ಎಲ್ಲ ಕಡೆ ಹೀಗೇ ಆಗಿತ್ತು. ಬಿತ್ತನೆ ಬೀಜದ ಬಗ್ಗೆ ಬರೆಯುತ್ತಿದ್ದವನು ತಾನು ಬೈದ ಬೀಜವನ್ನೇ ಊರೂರು ಬಿತ್ತಿದ್ದನ್ನು ಕಂಡ. ಸಾಲದ ಆ್ಯಪ್‌ಗಳ ಬಗ್ಗೆ ಎಚ್ಚರಿಸುತ್ತಿದ್ದ ಹುಡುಗಿ ತನ್ನ ಹೆಸರಿನ ಕೆಳಗೆ ಶಾಪಗಳನ್ನು ಓದಿದಳು. ಜನ ಫೋನು ಹಿಡಿದು ಬೀದಿಗೆ ಬಂದು ಒಬ್ಬರದನ್ನೊಬ್ಬರು ಇಣುಕಿ ನೋಡಿದರು. ಎಷ್ಟೋ ಮನೆಗಳಲ್ಲಿ ಯಾರಿಗೂ ಏನೂ ಅರ್ಥವಾಗದೆ, ದೂರದ ಊರಿನ ಕನ್ನಡ ಓದಲು ಬೇಸರವಾಗಿ, ಫೋನು ಪಕ್ಕಕ್ಕಿಟ್ಟು ಮಲಗಿದರು.

ಸಂಜೆಯೊಳಗೆ ಎಲ್ಲವೂ ಮೊದಲಿನಂತಾಯಿತು. ಮಂದಾಕಿನಿಯ ಪರದೆಯ ಮೇಲೆ ಮತ್ತೆ ಹುಬ್ಬಳ್ಳಿಯ ಕನ್ನಡದಲ್ಲಿ ಉಪಕಾರದ ಮಾತುಗಳು ಬಂದು ಕುಳಿತವು. ಊರಂಗಳದ ಪ್ರಕಟಣೆಯೂ ಬಂತು. ಒಬ್ಬ ಸಿಬ್ಬಂದಿಯ ದುರುದ್ದೇಶದಿಂದ ಯಂತ್ರ ಕೆಟ್ಟು ಕೆಲಕಾಲ ತಪ್ಪು ಮಾತುಗಳು ಕಾಣಿಸಿಕೊಂಡವು, ಅವನ್ನು ಯಾರೂ ನಂಬಬಾರದು, ಅಡಚಣೆಗೆ ವಿಷಾದಿಸುತ್ತೇವೆ ಎಂದಿತ್ತು.

ಈರಣ್ಣ ಅದನ್ನು ಓದಿ ತಲೆ ಹಿಡಿದುಕೊಂಡ. “ಖರೇ ಕಂಡಿದ್ದನ್ನ ಕೆಟ್ಟದ್ದು ಅಂದ್ರಲ್ಲ ಮಂದಾ! ಮಂದಿ ನಂಬತಾರ ನೋಡು ಇದನ್ನ.”

ಬಹಳ ಮಂದಿ ನಂಬಿದರು. ಮೊದಲಿನ ಕನ್ನಡವೇ ಹಿತವಾಗಿತ್ತು, ಅದು ವಾಪಸ್ಸು ಬಂದದ್ದೇ ಒಳ್ಳೆಯದಾಯಿತು ಎಂದರು. ವಿಲ್ಮಾಳನ್ನು ಕೆಲಸದಿಂದ ತೆಗೆದರು. ಅವಳ ಮೇಲೆ ದಾವೆಯನ್ನೂ ಹೂಡಿದರು. ಪರದೆಗಳ ಚಿತ್ರ ತೆಗೆದಿಟ್ಟುಕೊಂಡಿದ್ದ ಕೆಲವು ತಾಯಂದಿರು ಸೇರಿ ನಿದ್ರಾಮಿತ್ರದ ಕಂಪನಿಯ ಮೇಲೂ ತಿಳಿಗೊಳದ ಮೇಲೂ ಕೋರ್ಟಿಗೆ ಹೋದರು. ಭಾಗ್ಯಲತಾ ಅವರಲ್ಲಿ ಮೊದಲಿಗಳು. ಅವಳ ಮಗಳ ಕೆಮ್ಮು ನಿಂತಿತ್ತು. ಕೇಸು ಇನ್ನೂ ನಡೆಯುತ್ತಿದೆ. ನಿದ್ರಾಮಿತ್ರ ಈಗ ಬೇರೆ ಹೆಸರಿನಲ್ಲಿ, ಸಂಪಿಗೆಯ ವಾಸನೆಯಲ್ಲಿ ಸಿಗುತ್ತದೆ.

•

ಈರಣ್ಣನ ಮೊಬೈಲಿನಲ್ಲಿ ಉಳಿದ ನಂಬರುಗಳಿಗೆ ಮಂದಾಕಿನಿ ಒಂದೊಂದಾಗಿ ಫೋನು ಮಾಡಿದಳು. ಕೆಲವರು ಅತ್ತರು, ಕೆಲವರು ಬೈದರು. ಮೌನೇಶನ ತಾಯಿ, ಸಿಂಧನೂರಿನ ಹುಲಿಗೆಮ್ಮನ ನಂಬರನ್ನು ಕೊನೆಗೆ ಇಟ್ಟುಕೊಂಡಿದ್ದಳು.

“ಯಾರ್ರಿ?” ಎಂದಿತು ಹೆಣ್ಣಿನ ದನಿ. ಹಿಂದೆ ಹೊಲಿಗೆ ಯಂತ್ರ ಓಡುವ ಸದ್ದಿತ್ತು.

“ನಾನವಾ, ಮಂದಾಕಿನಿ ನೀರಲಗಿ. ಹುಬ್ಬಳ್ಳಿಯಿಂದ.”

ಹೊಲಿಗೆ ಯಂತ್ರ ನಿಂತಿತು. “ಈಗ ಫೋನ್ ಮಾಡೀರೇನ್ರಿ ಅಕ್ಕಾರೆ? ಮಗ ದವಾಖಾನ್ಯಾಗ ಅದಾನ ಅಂತ ಬರದ್ರ ಖುಷಿ ಆತು ಅಂತ ಬರದಿದ್ರಿ. ಯಾವಾಗ್ಲೂ ಹಿಂಗ ಇರ್ಲಿ ಅಂದಿದ್ರಿ. ನಾ ಅದನ್ನ ದವಾಖಾನಿ ಮುಂದ ಕುಂತು ಓದೀನಿ.”

“ನನಗ ಅದು ಹಂಗ ಕಾಣಲಿಲ್ಲವಾ. ನಡಕ ಒಂದು ಮಷಿನ್ ಇತ್ತು. ನಿನ್ನ ಮಾತು ಬದಲ ಮಾಡಿ ನನಗ ತೋರಿಸ್ತು...”

“ಹಂಗಾರ ಈಗ ಮಾತಾಡಾಕತ್ತಿದ್ದು ನೀವೋ, ಆ ಮಷಿನ್ನೋ?” ಎಂದಳು ಅವಳು. “ನನಗ ಹ್ಯಾಂಗ ಗೊತ್ತಾಗಬೇಕು?”

ಫೋನು ಕಟ್ಟಾಯಿತು. ಮತ್ತೆ ಹಚ್ಚಿದರೆ ಎತ್ತಲಿಲ್ಲ.

ಹುಲಿಗೆಮ್ಮನ ಪ್ರಶ್ನೆಗೆ ಫೋನಿನಲ್ಲಿ ಕೊಡುವ ಉತ್ತರವೇ ಇರಲಿಲ್ಲ. ಬೆಳಗಾದ ಮೇಲೆ ಮಂದಾಕಿನಿ ಒಂದು ಚೀಲಕ್ಕೆ ಸೀರೆ ಹಾಕಿಕೊಂಡು, ಈರಣ್ಣ ಜೊತೆಗೆ ಬರುತ್ತೇನೆಂದರೂ ಬೇಡವೆಂದು ಹೇಳಿ, ಗಂಗಾವತಿಯ ಬಸ್ಸು ಹತ್ತಿದಳು. ಅಲ್ಲಿಂದ ಸಿಂಧನೂರಿನ ಬಸ್ಸು. ಇಕ್ಕೆಲದಲ್ಲಿ ಬತ್ತದ ಗದ್ದೆಗಳು ಹೋದದ್ದು ಅವಳಿಗೆ ಕಾಣಲೇ ಇಲ್ಲ.

ಬಟ್ಟೆ ಹೊಲಿಯುವ ಹುಲಿಗೆಮ್ಮ ಎಂದು ಕೇಳಿದರೆ ಅಕ್ಕಿ ಗಿರಣಿಯ ಹಿಂದಿನ ಓಣಿ ತೋರಿಸಿದರು. ಬಾಗಿಲಲ್ಲೇ ಹೊಲಿಗೆ ಯಂತ್ರವಿತ್ತು. ಅದರ ಹಿಂದೆ ಮೂವತ್ತರ ಆಚೀಚೆಯ ತೆಳ್ಳನೆಯ ಹೆಂಗಸು, ಕೊರಳಲ್ಲಿ ಅಳತೆಯ ಟೇಪು. ತಲೆಯೆತ್ತಿ ನೋಡಿದವಳು ನೋಡುತ್ತಲೇ ಉಳಿದಳು.

“ನಾನು ಮಂದಾಕಿನಿ,” ಎಂದಳು ಮಂದಾಕಿನಿ. ಬಸ್ಸಿನಲ್ಲಿ ಹೊಂದಿಸಿಕೊಂಡಿದ್ದ ಮಾತುಗಳೆಲ್ಲ ಮರೆತುಹೋಗಿದ್ದವು.

ಹುಲಿಗೆಮ್ಮ ಎದ್ದು ಬಂದಳು. ಬಂದು ಅವಳ ಮುಂಗೈ ಹಿಡಿದಳು. ಬಿಗಿಯಾಗಿ, ನಿಜವೋ ಸುಳ್ಳೋ ಎಂದು ಪರೀಕ್ಷಿಸುವ ಹಾಗೆ ಒತ್ತಿ ಹಿಡಿದಳು. ಆಮೇಲೆ ಬಿಟ್ಟು, “ಒಳಗ ಬರ್ರಿ,” ಎಂದಳು.

ಒಳಗೆ ಚಾಪೆ ಹಾಸಿದಳು. ಮೂಲೆಯಲ್ಲಿ ಒಂಬತ್ತು-ಹತ್ತು ವರ್ಷದ ಹುಡುಗ ಗೋಡೆಗೆ ಒರಗಿ ಕುಳಿತು ಪಾಟಿಯ ಮೇಲೆ ಏನೋ ಬರೆಯುತ್ತಿದ್ದ. ಅವನ ಪಕ್ಕದಲ್ಲಿ ಉಸಿರಿನ ಔಷಧಿಯ ಪಂಪು ಇತ್ತು. ಮಂದಾಕಿನಿ ಅವನತ್ತ ನೋಡಿದಳು, ಕಣ್ಣು ತೆಗೆಯಲಾಗಲಿಲ್ಲ.

“ನಾ ಅವತ್ತು ಬರದಿದ್ದು ನಿಮಗ ಏನಂತ ಕಾಣಿಸಿತ್ತು?” ಎಂದು ಕೇಳಿದಳು ಹುಲಿಗೆಮ್ಮ.

ಮಂದಾಕಿನಿಗೆ ಹೇಳದೆ ವಿಧಿ ಇರಲಿಲ್ಲ. “ಮಷಿನ್ ಕಿತ್ತ ಒಗದ್ವಿ ಅಂತ. ಮಗ ಮೌನೇಶ ಅಗ್ದಿ ಆರಾಮ ಅದಾನ ಅಂತ. ಓಣಿ ತುಂಬ ಓಡ್ಯಾಡ್ತಾನ ಅಂತ.”

ಹುಲಿಗೆಮ್ಮ ಆ ಮಾತುಗಳನ್ನು ಬಾಯಲ್ಲೇ ಒಮ್ಮೆ ಹೇಳಿಕೊಂಡಳು. ಓಣಿ ತುಂಬ ಓಡ್ಯಾಡ್ತಾನ.

“ಅದನ್ನ ಓದಿ ನಿಮಗ ಖರೇನ ಖುಷಿ ಆಗಿತ್ತೇನು?”

“ಆಗಿತ್ತವಾ. ನಮ್ಮ ಮನಿಯವರಿಗೂ ಓದಿ ಹೇಳಿದ್ದೆ.”

ಹುಲಿಗೆಮ್ಮ ಸೆರಗಿನ ತುದಿಯಿಂದ ಮುಖ ಒರೆಸಿಕೊಂಡಳು. ಆಮೇಲೆ ಮಗನ ಕಡೆ ತಿರುಗಿ, “ಮೌನ್ಯಾ, ಅಕ್ಕಾರಿಗೆ ನೀರು ತಂದು ಕೊಡಪ,” ಎಂದಳು.

ಹುಡುಗ ಪಾಟಿ ಕೆಳಗಿಟ್ಟು ಎದ್ದ. ಅಡುಗೆಮನೆಗೆ ಹೋಗಿ ತಂಬಿಗೆ ತುಂಬಿಕೊಂಡು ಬಂದ. ಹೊಸ್ತಿಲು ದಾಟಿದವನು ನಡುವೆ ನಿಂತ. ಒಂದು ಕೈ ಗೋಡೆಗೆ ಕೊಟ್ಟು ಬಾಯಿ ತೆರೆದು ಉಸಿರು ಎಳೆದುಕೊಂಡ, ಮತ್ತೊಮ್ಮೆ ಎಳೆದುಕೊಂಡ. ಮಂದಾಕಿನಿ ಏಳಹೋದಳು. ಹುಲಿಗೆಮ್ಮ ಅವಳ ತೋಳು ಹಿಡಿದು ಕೂರಿಸಿದಳು. ಇಬ್ಬರೂ ಅವನನ್ನೇ ನೋಡುತ್ತ ಕುಳಿತರು, ಅವನು ಉಳಿದ ದೂರ ನಡೆದು ಬಂದು ತಂಬಿಗೆಯನ್ನು ಅವಳ ಕೈಗೆ ಕೊಡುವವರೆಗೂ.